ಕೊಸರಿನ ಮೂರು ತೋಟೆ

ರಾಯ್‌ನಲ್ಲಿ, ಗಲ್ಫಿನ ಈ ಪೇಟೆಯಲ್ಲಿ, ಬೇಟೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ನಾನು ಹದಿನೆಂಟು ವರ್ಷದಿಂದ ಕೋವಿಗಳ ನಳಿಗೆ ಉಜ್ಜುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಈಡು ಹಾರಿಸಿದವನಲ್ಲ. ಊರಿನ ನೆಂಟರಿಗೆ ಹೇಳಿದರೆ ನಂಬುವುದಿಲ್ಲ. "ಕೋವಿ ಅಂಗಡಿಯವ ಕೋವಿ ಹೊಡೆಯುವುದಿಲ್ಲ ಅಂದರೆ ಎಂತ, ಮಿಠಾಯಿ ಅಂಗಡಿಯವನಿಗೆ ಸಕ್ಕರೆ ಕಾಯಿಲೆಯಾ?" ಎಂದು ನನ್ನ ಭಾವ ನಗುತ್ತಾನೆ. ನಗಲಿ. ನನಗೆ ಕೋವಿ ಅಂದರೆ ಹೆದರಿಕೆ. ಮೊದಲೂ ಇತ್ತು, ಆ ಒಂದು ಶುಕ್ರವಾರದ ನಂತರ ಇನ್ನೂ ಹೆಚ್ಚಾಗಿದೆ.

ಅಂಗಡಿಯ ಲೈಸೆನ್ಸ್ ಕಫೀಲರ ಹೆಸರಿನಲ್ಲಿದೆ. ಕಫೀಲ್ ಅಂದರೆ ನಮ್ಮನ್ನು ಈ ದೇಶದಲ್ಲಿ ಇಟ್ಟುಕೊಂಡ ಯಜಮಾನ. ಅವರ ಸಹಿ ಇದ್ದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ; ಇಕಾಮಾ ಇದ್ದರೆ ನಾವು. ಕೋವಿಗೆ ತುಂಬುವ ತೋಟೆಯನ್ನು ಮುಟ್ಟುವ, ಎಣಿಸುವ, ಗಿರಾಕಿಯ ಕೈಗೆ ಕೊಡುವ ಹಕ್ಕು ಅವರೊಬ್ಬರಿಗೆ. ನನ್ನ ಪಾಲಿಗೆ ಎಣ್ಣೆ, ಬಟ್ಟೆ, ಬ್ರಶ್ಶು, ಚೋಕ್ ಬದಲಿಸುವುದು, ಕಪಾಟು ಒರೆಸುವುದು. ಕೆಲಸಕ್ಕೆ ಸೇರಿದ ದಿನವೇ ಅವರು ಬೆರಳೆತ್ತಿ ಹೇಳಿದ್ದರು, "ಕೋವಿ ಒರೆಸು, ತೋಟೆ ಬಿಡು." ಆ ಮಾತನ್ನು ನಾನು ಪಾಲಿಸಿಕೊಂಡು ಬಂದಿದ್ದೆ, ಒಂದು ಕೆಟ್ಟ ಅಭ್ಯಾಸವನ್ನು ಬಿಟ್ಟರೆ. ಅದನ್ನು ಆಮೇಲೆ ಹೇಳುತ್ತೇನೆ.

ಕಫೀಲರನ್ನು ನಾನು ಬಾಬಾ ಎನ್ನುತ್ತೇನೆ. ಎಪ್ಪತ್ತು ದಾಟಿದ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಮನುಷ್ಯ. ಬಲಗಣ್ಣಿಗೆ ಪೊರೆ ಬಂದಿತ್ತು, ಎಡಗಣ್ಣಿಗೂ ಶುರುವಾಗಿತ್ತು. ಡಾಕ್ಟರು ಹೇಳಿದರೂ ಆಪರೇಷನ್ನಿಗೆ ಒಪ್ಪುತ್ತಿರಲಿಲ್ಲ. "ಧೂಳು ಅಷ್ಟೇ" ಎನ್ನುತ್ತಿದ್ದರು. ಬಲಗಣ್ಣು ಹೋದ ಮೇಲೆ, ಒಂದರ ಮೇಲೊಂದು ಎರಡು ನಳಿಗೆಯ ತಮ್ಮ ಕೋವಿಯನ್ನು ಎಡ ಭುಜಕ್ಕೆ ಬದಲಿಸಿಕೊಂಡಿದ್ದರು. ಹಾಗಾಗಿ ನಳಿಗೆಯ ಕೆಳಗೆ ಆಸರೆಗೆ ಹಿಡಿಯುತ್ತಿದ್ದದ್ದು ಬಲಗೈ. ಅದೇ ಕೈಯಿಂದ ಅವರು ಪ್ರತಿ ಸಲ ನನ್ನ ಇಕಾಮಾದ ಕಾಗದಕ್ಕೆ ಸಹಿ ಹಾಕುತ್ತಾರೆ.

ನನ್ನ ವಿದ್ಯೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಚೋಕ್ ಅಂದರೆ ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ ಬೆರಳುದ್ದದ ಉಕ್ಕಿನ ಕೊಳವೆ. ತೋಟೆಯಿಂದ ಹೊರಡುವ ಚರೆ, ಅಂದರೆ ಸಾಸಿವೆಗಿಂತ ದಪ್ಪ ಕಡಲೆಗಿಂತ ಸಣ್ಣ ಗುಂಡುಗಳು, ಎಷ್ಟು ಹರಡಬೇಕೆಂದು ತೀರ್ಮಾನಿಸುವುದು ಅದು. ದೂರದ ಹಕ್ಕಿಗೆ ಬಿಗಿ ಬಾಯಿ, ಹತ್ತಿರದ ಹಕ್ಕಿಗೆ ಅಗಲ ಬಾಯಿ. ಹದಿನೈದು ಹೆಜ್ಜೆಯಲ್ಲಿ ಬಿಗಿ ಚೋಕ್ ಹಾಕಿ ಹೊಡೆದರೆ ಚರೆಯೆಲ್ಲ ಒಂದು ಮುಷ್ಟಿಯಷ್ಟು ಜಾಗದಲ್ಲಿ ಹೋಗಿ ಬೀಳುತ್ತದೆ. ತಾಗಿದರೆ ಹಕ್ಕಿ ಚಿಂದಿ, ತಪ್ಪಿದರೆ ಪೂರಾ ತಪ್ಪಿತು. ಅಗಲ ಬಾಯಿಯದ್ದಾದರೆ ಅದೇ ದೂರಕ್ಕೆ ಊಟದ ಹರಿವಾಣದಷ್ಟು ಹರಡುತ್ತದೆ. ಗಿರಾಕಿಗಳು ಗುರಿ ಹೊಡೆದು ತಂದ ರಟ್ಟಿನ ತುಂಡುಗಳನ್ನು ನೋಡಿ ನೋಡಿ ಕಲಿತದ್ದು ಇದು.

ಇನ್ನೊಂದು ಕಲಿತದ್ದಿದೆ. ಕೋವಿಗಳಲ್ಲಿ ಹನ್ನೆರಡು ಬೋರ್, ಇಪ್ಪತ್ತು ಬೋರ್ ಎಂದಿದೆ. ಲೆಕ್ಕ ತಲೆಕೆಳಗು, ಹನ್ನೆರಡರದ್ದು ದಪ್ಪ, ಇಪ್ಪತ್ತರದ್ದು ತೆಳು. ಇಪ್ಪತ್ತರ ತೋಟೆಯನ್ನು ಹನ್ನೆರಡರ ಕೋವಿಗೆ ಹಾಕಿದರೆ ಅದು ಜಾರಿ ಸ್ವಲ್ಪ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಟಿಕ್ ಎನ್ನುತ್ತದೆ, ಅಷ್ಟೇ. ಮಡಚಿ ತೆರೆದು ನೋಡಿದರೆ ಖಾಲಿ ಕಾಣುತ್ತದೆ. ಹಾಕಲು ಮರೆತೆ ಎಂದುಕೊಂಡು ಸರಿಯಾದ ತೋಟೆಯನ್ನು ಹಿಂದಿನಿಂದ ತುಂಬಿ ಇನ್ನೊಮ್ಮೆ ಕುದುರೆ ಎಳೆದರೆ ನಳಿಗೆ ಒಡೆಯುತ್ತದೆ, ಸರಿಯಾಗಿ ಆಸರೆಗೆ ಕೊಟ್ಟ ಕೈಯ ಬಳಿ. ಹಾಗೆ ಒಡೆದ ಒಂದು ನಳಿಗೆಯನ್ನು ಬಾಬಾ ಅಂಗಡಿಯ ಗೋಡೆಗೆ ತೂಗುಹಾಕಿದ್ದಾರೆ. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದಿದೆ. ಅದನ್ನು ಹಿಡಿದಿದ್ದ ಗಿರಾಕಿಗೆ ಮೂರು ಬೆರಳು ಹೋದವು. ಆ ನಳಿಗೆಯ ಧೂಳನ್ನು ವಾರಕ್ಕೊಮ್ಮೆ ಒರೆಸುವವನು ನಾನೇ.

ಆ ಚಳಿಗಾಲದಲ್ಲಿ ಟರ್ಕಿ ಕೋಳಿಗಳ ರಗಳೆ ಶುರುವಾಯಿತು. ಬಾಬಾಗೆ ಒಂದು ಗಂಟೆ ದಾರಿಯ ಅಬ್ದಲಿಯಲ್ಲಿ ಒಂದು ತೋಟವಿದೆ. ಅಮೆರಿಕದಲ್ಲಿ ಓದಿ ಬಂದ ಅವರ ಮಗ ಅಲ್ಲಿ ಟರ್ಕಿ ಕೋಳಿ ಸಾಕಿದ್ದ. ಒಂದು ಧೂಳುಗಾಳಿಯ ದಿನ ಬೇಲಿ ಬಿದ್ದು ಹತ್ತು ಹನ್ನೆರಡು ತಪ್ಪಿಸಿಕೊಂಡವು. ತೋಟದ ಅಂಚಿನ ಅಥಲ್ ಮರಗಳನ್ನು ಮನೆ ಮಾಡಿಕೊಂಡು, ಹಗಲು ಇಳಿದು ಬಂದು ಸೌತೆಕಾಯಿಯ ಪ್ಲಾಸ್ಟಿಕ್ ಚಪ್ಪರ ಕುಕ್ಕಿ ಹರಿದು ಹಾಕುತ್ತಿದ್ದವು. ಕೆಲಸಗಾರರು ಬಲೆ ಹಾಕಿದರು, ಓಡಿಸಿದರು, ಬಿದ್ದು ಮೊಣಕಾಲು ಕೆತ್ತಿಸಿಕೊಂಡರು. ಒಂದೂ ಸಿಗಲಿಲ್ಲ. ಕೊನೆಗೆ ಹೊಡೆದೇ ಹಿಡಿಯುವುದೆಂದು ತೀರ್ಮಾನವಾಯಿತು.

ಗುರುವಾರ ಸಂಜೆ ಮಗ ಅಂಗಡಿಗೆ ಬಂದು ಮೇಜಿನ ಮೇಲೆ ಒಂದು ಚೋಕ್ ಇಟ್ಟ. ಅಮೆರಿಕದ್ದು, ಟರ್ಕಿ ಬೇಟೆಗೆಂದೇ ಮಾಡಿದ್ದು, ಅತಿ ಬಿಗಿ. ಜೊತೆಗೆ ಭಾರದ ತೋಟೆಯ ಒಂದು ಡಬ್ಬಿ.

"ಅಲ್ಲಿ ಎಲ್ಲರೂ ಹೀಗೇ. ತಲೆ, ಕುತ್ತಿಗೆಗೆ ಗುರಿ. ಒಂದೇ ಈಡು, ಖಲಾಸ್" ಎಂದ.

"ಖಲಾಸ್ ಆದ ಹಕ್ಕಿಯನ್ನು ನಿನ್ನ ತಾಯಿ ಅಡುಗೆಮನೆಗೆ ಸೇರಿಸುವುದಿಲ್ಲ" ಎಂದರು ಬಾಬಾ.

ಮಾತು ನಿಜವೇ. ಬಿಸ್ಮಿಲ್ಲಾ ಹೇಳಿ ಹೊಡೆದ ಕಾಡುಹಕ್ಕಿ ಬಿದ್ದಲ್ಲೇ ಸತ್ತರೂ ಹಲಾಲ್. ಆದರೆ ಇವು ಸಾಕಿದ ಕೋಳಿಗಳು. ತಪ್ಪಿಸಿಕೊಂಡ ಮಾತ್ರಕ್ಕೆ ಕಾಡಿನವಾಗುತ್ತವೆಯೇ, ಇಲ್ಲವೇ? ಆಗುತ್ತವೆ ಎನ್ನುವವರಿದ್ದಾರೆ, ಆದರೆ ಬಾಬಾಗೆ ಅನುಮಾನದ ಊಟ ಬೇಡ. ಹಕ್ಕಿ ಬೀಳಬೇಕು, ಸಾಯಬಾರದು, ಜೀವ ಇರುವಾಗಲೇ ಕತ್ತಿ ಹಾಕಬೇಕು. ಹಾಗಾಗಿ ಅಮೆರಿಕದವರ ಲೆಕ್ಕ ಅಬ್ದಲಿಯಲ್ಲಿ ನಡೆಯುವುದಿಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು. ಅವರ ಹಿಂದಿ, ನನ್ನ ಅರಬ್ಬಿ, ಎರಡೂ ಹರಕು, ಆದರೆ ನಮಗೆ ಅರ್ಥವಾಗುತ್ತದೆ.

"ಹದಿನೈದು ಹೆಜ್ಜೆಯೊಳಗೆ ಹೊಡೆಯುವುದಾದರೆ ಅಗಲ ಬಾಯಿಯದ್ದು ಸಾಕು, ಬಾಬಾ. ತೋಟೆ ಹಗುರದ್ದು. ಕಾಲಿಗೆ ಗುರಿಯಿಡಿ. ಅಂಚಿನ ನಾಲ್ಕು ಚರೆ ಕಾಲಿಗೆ ತಾಗಿದರೆ ಅದು ಓಡುವುದಿಲ್ಲ, ಸಾಯುವುದೂ ಇಲ್ಲ" ಎಂದೆ.

"ನೀನು ಎಷ್ಟು ಟರ್ಕಿ ಹೊಡೆದಿದ್ದೀ?" ಎಂದು ಮಗ ಕೇಳಿದ.

"ಒಂದೂ ಇಲ್ಲ."

"ಮತ್ತೆ?"

ಬಾಬಾ ನಕ್ಕರು. "ಇವನು ಹೊಡೆದಿಲ್ಲ, ಅದಕ್ಕೇ ಇವನಿಗೆ ಹತ್ತೂ ಬೆರಳಿವೆ. ಅಗಲದ್ದೇ ಹಾಕು" ಎಂದರು.

ಮಗನಿಗೆ ಮುಖಭಂಗವಾಯಿತು. ಆದರೆ ಅವನ ಚಿಂತೆ ಚೋಕ್ ಅಲ್ಲ, ಅಪ್ಪನ ಕಣ್ಣು. "ಕೇಳಿ ಬಾಬಾ. ಒಂದು ಸಣ್ಣ ತಪ್ಪಾದರೂ ಕಪಾಟಿನ ಬೀಗದ ಕೈ ನನ್ನ ಹತ್ತಿರ ಬರುತ್ತದೆ. ಆಮೇಲೆ ನೀವು ಕೋವಿ ಮುಟ್ಟುವ ಹಾಗಿಲ್ಲ" ಎಂದ. ಬಾಬಾ ಉತ್ತರ ಕೊಡದೆ ಹನ್ನೆರಡು ಬೋರಿನ ಡಬ್ಬಿ ತೆರೆದು, ತೋಟೆಗಳನ್ನು ಎಡಗಣ್ಣಿನ ಹತ್ತಿರ ಹಿಡಿದು ಹತ್ತು ಎಣಿಸಿ ಚರ್ಮದ ಚೀಲಕ್ಕೆ ಹಾಕಿದರು. ಅಷ್ಟರಲ್ಲಿ ಮಗ್ರಿಬ್‌ನ ಬಾಂಗ್ ಆಯಿತು. ಇಬ್ಬರೂ ನಮಾಜಿಗೆ ಮುನ್ನ ಕೈಕಾಲು ತೊಳೆದು ವುಜೂ ಮಾಡಲು ಹಿಂದೆ ಹೋದರು. ಚೀಲ ನನ್ನ ಮುಂದೆ ಬಾಯಿ ತೆರೆದು ಕೂತಿತ್ತು.

ಈಗ ಆ ಕೆಟ್ಟ ಅಭ್ಯಾಸ. ನಮ್ಮಪ್ಪ ಮಂಗಳೂರಿನ ಬಂದರಿನಲ್ಲಿ ಒಣಮೀನು ಮಾರುತ್ತಿದ್ದವರು. ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಪೊಟ್ಟಣ ಕಟ್ಟಿದವರಲ್ಲ. "ಕೊಸರು ಇಲ್ಲದ ವ್ಯಾಪಾರಕ್ಕೆ ಬರಕತ್ ಇಲ್ಲ ಮಗಾ, ಅದು ತೂಕದ್ದಲ್ಲ, ಕೈಯದ್ದು" ಎನ್ನುತ್ತಿದ್ದರು. ಆ ಚಾಳಿ ನನ್ನ ಕೈಗೂ ಬಂತು. ಎಣ್ಣೆ ಬಾಟಲಿಗೆ ಒಂದು ಬಟ್ಟೆ ಚೂರು, ಬ್ರಶ್ಶಿಗೆ ನಾಲ್ಕು ಹತ್ತಿ ಉಂಡೆ, ಏನಾದರೂ ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ಬಾಬಾ ಬೇಟೆಗೆ ಹೊರಟರೆ ಅವರ ಚೀಲಕ್ಕೂ, ಅವರಿಗೆ ಗೊತ್ತಾಗದ ಹಾಗೆ, ಅವರದೇ ಅಂಗಡಿಯ ಎರಡು ಮೂರು ಬಿಡಿ ತೋಟೆ ಹಾಕುತ್ತಿದ್ದೆ. ಮುಟ್ಟಬೇಡ ಎಂದದ್ದನ್ನೇ ಮುಟ್ಟುತ್ತಿದ್ದೆ. ಮಾಲೀಕನಿಗೇ ಮಾಲೀಕನ ಮಾಲಿನ ಕೊಸರು. ಹೇಳಿಕೊಳ್ಳಲು ನಗು ಬರುತ್ತದೆ, ಆದರೆ ಪ್ರೀತಿಯಿಂದಲೇ ಹಾಕುತ್ತಿದ್ದದ್ದು.

ಬಿಡಿ ತೋಟೆಗಳನ್ನು ಬಾಬಾ ಹಾಲಿನ ಪುಡಿಯ ಎರಡು ಖಾಲಿ ಡಬ್ಬಗಳಲ್ಲಿ ಇಡುತ್ತಾರೆ. ಎರಡೂ ಇರುವುದು ಬೀಗದ ಕಪಾಟಿನ ತಲೆಯ ಮೇಲೆ, ಬಲಗಡೆಯದು ಹನ್ನೆರಡರದ್ದು, ಎಡಗಡೆಯದು ಇಪ್ಪತ್ತರದ್ದು. ಈ ಇಪ್ಪತ್ತರವು ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವ ಆಟಕ್ಕೆ ಹೋಗುವ ಅವರ ಮೊಮ್ಮಗಳು ಬಿಟ್ಟುಹೋದವು. ನಾನು ಬಲಗಡೆಯ ಡಬ್ಬಕ್ಕೆ ಕೈ ಹಾಕಿ, ನೋಡದೆ, ಮೂರು ತೆಗೆದು ಚೀಲಕ್ಕೆ ಹಾಕಿ ಗುಂಡಿ ಒತ್ತಿದೆ.

ಮರುದಿನ ಶುಕ್ರವಾರ, ರಜೆ. ಫರ್ವಾನಿಯಾದ ನನ್ನ ಕೋಣೆಯಲ್ಲಿ ಬೆಳಿಗ್ಗೆ ಏಳಕ್ಕೆ ಚಹಾ ಹಿಡಿದು ಕೂತು ಊರಿಗೆ ಫೋನ್ ಹಚ್ಚಿದೆ. ಹೆಂಡತಿ ಬಂಗುಡೆಯ ಸಿಟ್ಟಿನಲ್ಲಿದ್ದಳು.

"ಆ ಮೀನಿನವಳು ಕೊಸರು ಅಂತ ಎರಡು ಜಾಸ್ತಿ ಹಾಕಿದಳು ಮಾರಾಯ್ರೆ. ಮನೆಗೆ ತಂದು ನೋಡಿದರೆ ಆ ಎರಡೂ ಹಾಳಾದವು. ಕೊಸರು ಅಂತ ಕಣ್ಣು ಮುಚ್ಚಿ ತಗೊಂಡರೆ ಹೀಗೇ ಆಗುವುದು."

ನಾನು ನಗಲು ಹೋದೆ. ಡಬ್ಬಗಳು ನೆನಪಾದವು. ಗುರುವಾರ ಮಧ್ಯಾಹ್ನ ಕಪಾಟು ಒರೆಸಲು ಎರಡೂ ಡಬ್ಬ ಕೆಳಗಿಳಿಸಿದ್ದೆ. ತಿರುಗಿ ಇಟ್ಟದ್ದು ಹೇಗೆ? ನೆನಪಾಗಲಿಲ್ಲ. ಆದರೆ ಅಂಗೈಗೆ ನೆನಪಿತ್ತು. ಮೂರು ತೋಟೆ ನನ್ನ ಮುಷ್ಟಿಯಲ್ಲಿ ಆರಾಮವಾಗಿ ಕೂತಿದ್ದವು. ಹನ್ನೆರಡರ ಮೂರು ಈ ಸಣ್ಣ ಕೈಗೆ ಹಾಗೆ ಕೂರುವುದಿಲ್ಲ.

"ಕೇಳ್ತಾ ಉಂಟಾ?" ಎಂದಳು ಹೆಂಡತಿ.

"ಆಮೇಲೆ ಮಾಡ್ತೇನೆ" ಎಂದು ಇಟ್ಟೆ.

ಮುಂದಿನ ಅರ್ಧ ಗಂಟೆ ನಾನು ಮಂಚದ ಮೇಲೆ ಸುಮ್ಮನೆ ಕೂತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಮೊದಲು ನೆನಪಾದದ್ದು ಬಾಬಾರ ಕೈಯಲ್ಲ, ನನ್ನ ಇಕಾಮಾ. ಪರದೇಶದವನೊಬ್ಬ ತೋಟೆ ಮುಟ್ಟಿದ್ದಾನೆ, ಕಫೀಲರ ಚೀಲಕ್ಕೆ ಕಳ್ಳತನದಲ್ಲಿ ತಪ್ಪು ತೋಟೆ ಹಾಕಿದ್ದಾನೆ. ಪೊಲೀಸರಿಗೆ ಇದನ್ನು ಕೊಸರು ಎಂದು ಹೇಗೆ ವಿವರಿಸುವುದು? ಬೆರಳಚ್ಚು ತೆಗೆದುಕೊಂಡು ವಿಮಾನ ಹತ್ತಿಸಿದರೆ ಮತ್ತೆ ಈ ನೆಲ ಮೆಟ್ಟುವ ಹಾಗಿಲ್ಲ. ಮಗಳ ನರ್ಸಿಂಗ್ ಇನ್ನೂ ಒಂದು ವರ್ಷ ಇತ್ತು. ಇಪ್ಪತ್ತರದ್ದು ಹಳದಿ, ಹನ್ನೆರಡರದ್ದು ಕೆಂಪಲ್ಲವೇ, ನೋಡಿದರೆ ಗೊತ್ತಾಗುತ್ತದೆ, ಎಸೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಬಾಬಾಗೆ ಹಾಲು ಯಾವುದು, ಮಜ್ಜಿಗೆ ಯಾವುದು ಎಂದು ನಾನೇ ಹೇಳಬೇಕು. ಚೀಲಕ್ಕೆ ಕೈ ಹಾಕಿ ತಡವಿ ತೆಗೆಯುವವರು ಅವರು.

ಆಗ ಕೈ ನೆನಪಾಯಿತು. ಗೋಡೆಯ ಮೇಲಿನ ಸುಲಿದ ನಳಿಗೆ ಕಣ್ಣ ಮುಂದೆ ಬಂತು. ಬಾಬಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಗನಿಗೆ ಮಾಡಿದೆ. ಎತ್ತಿದ. ಕಾರಿನ ಸದ್ದು ಕೇಳುತ್ತಿತ್ತು.

"ಏನು? ಬೇಗ ಹೇಳು, ತೋಟಕ್ಕೆ ಬಂದೆವು. ಇನ್ನು ಫೋನ್ ಆಫ್ ಮಾಡ್ತೇನೆ, ಹಕ್ಕಿ ಬೆದರುತ್ತವೆ."

ಹೇಳಬೇಕಾದ್ದು ನಾಲ್ಕೇ ಮಾತು. ಚೀಲದಲ್ಲಿ ಇಪ್ಪತ್ತರ ತೋಟೆ ಇದೆ. ಆದರೆ ನನ್ನ ಬಾಯಿಂದ ಹೊರಟದ್ದು ಇದು: "ಚೋಕ್... ಚೋಕ್ ಬಿಗಿಯಾಗಿ ಕೂತಿದೆಯಾ ಅಂತ ಒಮ್ಮೆ ನೋಡಿ."

"ಅದಕ್ಕೆ ಶುಕ್ರವಾರ ಬೆಳಿಗ್ಗೆ ಫೋನಾ? ಯಲ್ಲಾ" ಎಂದು ಇಟ್ಟ. ತಿರುಗಿ ಮಾಡಿದೆ, ಆಫ್ ಆಗಿತ್ತು. ಐದು ಸಲ ಮಾಡಿದೆ.

ಎದುರು ಕೋಣೆಯಲ್ಲಿ ಮೈಸೂರಿನ ಕಡೆಯ ಒಬ್ಬ ಇಂಜಿನಿಯರ್ ಇದ್ದರು, ಸಬ್ಹಾನ್‌ನ ಕಾರ್ಖಾನೆಯಲ್ಲಿ ಕೆಲಸ. ನನಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ, ನನ್ನ ಸಂಬಳದವನಿಗೆ ಕೊಡುವುದೂ ಇಲ್ಲ. ಅವರಿಗೆ ಕಾರಿತ್ತು. ಬಾಗಿಲು ಬಡಿದೆ. ಲುಂಗಿಯಲ್ಲೇ ಬಂದರು.

"ಅಬ್ದಲಿಗೆ ಹೋಗಬೇಕು, ಈಗಲೇ. ಒಬ್ಬರ ಕೈ ಹೋಗ್ತದೆ" ಎಂದೆ.

"ಯಾರ ಕೈ ಅಣ್ಣಾ?"

"ಕಫೀಲರದ್ದು. ಬನ್ನಿ, ಕಾರಿನಲ್ಲಿ ಹೇಳ್ತೇನೆ."

ಪ್ಯಾಂಟು ಹಾಕಿಕೊಂಡು ಬಂದರು, ಅಷ್ಟೇ. ಪಾಪ, ಇನ್ನೊಂದು ಪ್ರಶ್ನೆ ಕೇಳಲಿಲ್ಲ. ದಾರಿಯಲ್ಲೇ ರಾಯ್, ಅಂಗಡಿಯ ಬೀಗದ ಕೈ ನನ್ನಲ್ಲಿತ್ತು. ಒಳಗೆ ಓಡಿ ಬಲಗಡೆಯ ಡಬ್ಬ ತೆರೆದೆ. ಹಳದಿ, ಎಲ್ಲವೂ ಹಳದಿ. ಬುಡದಲ್ಲಿ ಇಪ್ಪತ್ತು ಎಂದು ಕೊರೆದಿತ್ತು. ನಳಿಗೆ ಉಜ್ಜುವ ಉದ್ದದ ಕಡ್ಡಿಯನ್ನು ತೆಗೆದುಕೊಂಡು ಓಡಿಬಂದೆ.

ದಾರಿಯುದ್ದಕ್ಕೂ ಎಲ್ಲ ಹೇಳಿದೆ: ಕೊಸರು, ಡಬ್ಬ, ಟಿಕ್ ಎನ್ನುವುದು, ಒಡೆಯುವುದು. ಇಂಜಿನಿಯರ್ ಎದುರು ನೋಡುತ್ತಲೇ ಕೇಳಿದರು, "ಮಗ ಫೋನ್ ಎತ್ತಿದ್ರಲ್ಲ, ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೆದರಿಕೆ."

"ಈಗ್ಲಾದ್ರೂ ಮೆಸೇಜ್ ಹಾಕಿ. ಯಾವಾಗ್ಲೋ ಆನ್ ಮಾಡಿದ್ರೆ ನೋಡ್ತಾರೆ."

ಹಾಕಿದೆ. ಕೋವಿ ತುಂಬಬೇಡಿ, ಚೀಲದಲ್ಲಿ ಇಪ್ಪತ್ತರ ಹಳದಿ ತೋಟೆ ಇದೆ, ನಾನೇ ಹಾಕಿದ್ದು ಎಂದು. ಒಂದೇ ಗೀಟು ಬಿತ್ತು, ತಲುಪಿದ್ದರೆ ಎರಡು ಬೀಳಬೇಕು. ಎರಡನೆಯ ಗೀಟಿಗಾಗಿ ಮೊಬೈಲನ್ನೇ ನೋಡುತ್ತ ಕೂತೆ. ಮುತ್ಲಾ ದಿಬ್ಬ ದಾಟಿತು. ರಸ್ತೆಯ ಎರಡೂ ಕಡೆ ಚಳಿಗಾಲದ ಡೇರೆಗಳು, ಮಕ್ಕಳ ಗಾಡಿಗಳು, ಬೆಂಕಿಯ ಹೊಗೆ, ರಜೆಯ ಸಂಭ್ರಮ. ಗೀಟು ಒಂದೇ ಇತ್ತು.

"ಕ್ಯಾಮೆರಾ ಇದೆ ಅಣ್ಣಾ, ಇದಕ್ಕಿಂತ ಜೋರಾಗಿ ಓಡ್ಸಕ್ಕಾಗಲ್ಲ" ಎಂದರು. ನಾನು ಬಾಯಿಗೆ ಬಂದ ದುಆಗಳನ್ನೆಲ್ಲ ಹೇಳಿದೆ. ಅರ್ಧಕ್ಕೇ ಮರೆತುಹೋಗುತ್ತಿದ್ದವು. ಯಾ ಅಲ್ಲಾ, ಆ ಟರ್ಕಿಗಳು ಇವತ್ತು ಮರದಿಂದ ಇಳಿಯದೇ ಇರಲಿ ಎಂದು ಕೊನೆಗೆ ಕನ್ನಡದಲ್ಲೇ ಬೇಡಿಕೊಂಡೆ.

ತೋಟದ ಗೇಟಿನಲ್ಲಿ ಕಾವಲುಗಾರ ಸರಪಳಿ ಬಿಚ್ಚುತ್ತಿದ್ದ. ಆಗ ಈಡಿನ ಸದ್ದು ಕೇಳಿಸಿತು. ಒಂದೇ ಒಂದು.

ನಾನು ಕಾರಿನಿಂದ ಇಳಿದು ನಿಂತೆ. ಇಂಜಿನಿಯರ್ ನನ್ನ ತೋಳು ಹಿಡಿದು "ಬನ್ನಿ, ಬನ್ನಿ" ಎಂದು ಎಳೆದರು. ಸೌತೆಯ ಚಪ್ಪರಗಳ ನಡುವೆ ಓಡಿದೆವು. ಆ ದಾರಿ ಮುಗಿಯುವುದೇ ಇಲ್ಲ ಅನ್ನಿಸಿತು. ಕೂಗು ಕೇಳುತ್ತದೆಯೇ ಎಂದು ಕಿವಿಗೊಟ್ಟರೆ ನನ್ನ ಉಸಿರಿನ ಸದ್ದೇ ಕೇಳುತ್ತಿತ್ತು.

ಅಥಲ್ ಮರಗಳ ಕೆಳಗೆ ಚಾಪೆ ಹಾಸಿತ್ತು. ಬಾಬಾ ಕೂತಿದ್ದರು. ಬಲಗೈಯಲ್ಲಿ ಚಹಾದ ಸಣ್ಣ ಗ್ಲಾಸು. ನಾನು ಬೆರಳು ಎಣಿಸಿದೆ. ಐದೂ ಇದ್ದವು.

"ಅರೆ, ನೀನಾ?" ಎಂದರು ಬಾಬಾ. "ಬಾ, ಚಹಾ ಕುಡಿ. ನೋಡು, ಮುದುಕನಾದೆ. ಕೆಳಗಿನ ನಳಿಗೆಗೆ ತೋಟೆ ಹಾಕಲೇ ಮರೆತಿದ್ದೆ. ಟಿಕ್ ಅಂತು. ಹಕ್ಕಿ ಓಡಿತು. ಮೇಲಿನದನ್ನು ಹೊಡೆದೆ, ಮರಳಿಗೆ ಬಿತ್ತು."

"ಇನ್ನು ಸರದಿ ನನ್ನದು" ಎಂದು ಮಗ ಎದ್ದು ನಿಂತಿದ್ದ. ಮಡಚಿ ತೆರೆದ ಕೋವಿ ಅವನ ತೋಳಿನ ಮೇಲಿತ್ತು, ಕೈಯಲ್ಲಿ ಎರಡು ಕೆಂಪು ತೋಟೆ. ಎರಡೂ ಹನ್ನೆರಡರವು, ಸರಿಯಾದವು. ಒಂದನ್ನು ಅವನು ಮೇಲಿನ ನಳಿಗೆಗೆ ಹಾಕಿಯೂ ಆಗಿತ್ತು.

"ಒಂದು ನಿಮಿಷ" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿತು, ಅಷ್ಟು ಮೆಲ್ಲಗಿತ್ತು. "ಚೋಕ್ ನೋಡಬೇಕು. ಸಡಿಲ ಇದ್ದರೆ ಅಪಾಯ. ಅದಕ್ಕೇ ಬಂದೆ."

"ಚೋಕ್ ನೋಡಲು ಅಬ್ದಲಿವರೆಗೆ ಬಂದೆಯಾ?"

"ಮನಸ್ಸು ಕೇಳಲಿಲ್ಲ. ಕೊಡಿ."

ಹಾಕಿದ ತೋಟೆಯನ್ನು ತೆಗೆದು ಕೋವಿ ಕೊಟ್ಟ. ಆಕಾಶಕ್ಕೆ ಹಿಡಿದು ನೋಡಿದೆ. ಮೇಲಿನ ನಳಿಗೆಯಲ್ಲಿ ಬಿಲ್ಲೆಯಷ್ಟು ಬೆಳಕು ಕಂಡಿತು. ಕೆಳಗಿನದರಲ್ಲಿ ಕತ್ತಲು. ಬಾಯಿಯ ಕಡೆಯಿಂದ ಕಡ್ಡಿ ಇಳಿಸಿ ಮೆಲ್ಲಗೆ ತಳ್ಳಿದೆ. ಹಳದಿ ತೋಟೆ ಜಾರಿ ಚಾಪೆಯ ಮೇಲೆ, ಚಹಾದ ಕೆಟಲಿನ ಪಕ್ಕ ಬಿತ್ತು.

ಮಗ ಅದನ್ನು ಎತ್ತಿ ಬುಡ ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದ ಕೆಂಪು ತೋಟೆಗಳನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಚೀಲವನ್ನು ಚಾಪೆಯ ಮೇಲೆ ಸುರಿದ. ಇನ್ನೆರಡು ಹಳದಿ ಹೊರಬಿದ್ದವು.

"ಇದನ್ನು ಹಾಕಿದ್ದು ಯಾರು?" ಎಂದು ಕೇಳಿದ. ಮೊದಲು ನನ್ನನ್ನು ನೋಡಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲೂ ಆಗದೆ ಕಡ್ಡಿ ಹಿಡಿದು ಮರದ ಹಾಗೆ ನಿಂತಿದ್ದೆ.

ಬಾಬಾ ಒಂದು ಹಳದಿ ತೋಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು, ಬೆರಳಲ್ಲಿ ಹೊರಳಿಸಿದರು. "ಇವನನ್ನು ಯಾಕೆ ನೋಡ್ತೀ? ಇವನು ತೋಟೆ ಮುಟ್ಟುವುದಿಲ್ಲ. ಹದಿನೈದು ವರ್ಷದಲ್ಲಿ ಒಂದು ದಿನ ಮುಟ್ಟಿದವನಲ್ಲ. ಎಣಿಸಿ ಹಾಕಿದ್ದು ನಾನೇ. ಕಾಣಲಿಲ್ಲ" ಎಂದರು.

"ಹೇಳಿ ಅಣ್ಣಾ" ಎಂದರು ಹಿಂದೆ ನಿಂತಿದ್ದ ಇಂಜಿನಿಯರ್, ಮೆಲ್ಲಗೆ. "ಹೇಳ್ಬಿಡಿ."

ಕನ್ನಡದಲ್ಲಿ ಹೇಳಿದ್ದು. ಅಲ್ಲಿ ಅದು ಅರ್ಥವಾಗುತ್ತಿದ್ದದ್ದು ನನಗೊಬ್ಬನಿಗೆ. ನಾನು ಕೇಳಿಸಿಕೊಂಡೆ. ಕೇಳಿಸದವನ ಹಾಗೆ ನಿಂತೆ.

ಮಗ ಅಪ್ಪನ ಮುಂದೆ ಮಂಡಿಯೂರಿ ಕೂತ. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಅವನ ಕಣ್ಣಲ್ಲಿ ನೀರಿತ್ತು. "ಖಲಾಸ್, ಬಾಬಾ" ಎಂದ. ಬಾಬಾ ತಮ್ಮ ನಿಲುವಂಗಿ ದಿಶ್ದಾಶಾದ ಜೇಬಿನಿಂದ ಬೀಗದ ಕೈಯ ಗೊಂಚಲು ತೆಗೆದು, ಕಪಾಟಿನದನ್ನು ತಡವಿ ಹುಡುಕಿ, ಉಂಗುರದಿಂದ ಬಿಡಿಸಲು ನೋಡಿದರು. ಉಗುರಿಗೆ ಸಿಗಲಿಲ್ಲ. ನನ್ನ ಕಡೆ ಚಾಚಿ, "ಇದನ್ನು ಬಿಡಿಸು" ಎಂದರು. ನಾನೇ ಬಿಡಿಸಿ ಮಗನಿಗೆ ಕೊಟ್ಟೆ.

ಆಮೇಲೆ ಬಾಬಾ ನನ್ನನ್ನು ಹತ್ತಿರ ಕರೆದು ಹಣೆಗೆ ಮುತ್ತಿಟ್ಟರು. ಮನೆಯ ಹಿರಿಯರಿಗೆ ಕೊಡುವ ಮರ್ಯಾದೆ ಅದು. "ಇವನ ಮನಸ್ಸಿಗೆ ಅಲ್ಲಾಹನೇ ಹೇಳಿದ" ಎಂದು ಮಗನಿಗೆ ಹೇಳಿದರು. ನನ್ನ ಹಣೆ ತಣ್ಣಗಾಗಿತ್ತು.

ವಾಪಸು ಕಾರಿಗೆ ಕೂತ ತಕ್ಷಣ ನಾನು ಮಾಡಿದ ಮೊದಲ ಕೆಲಸ, ಆ ಮೆಸೇಜ್ ಅಳಿಸಿದ್ದು. ಗೀಟು ಇನ್ನೂ ಒಂದೇ ಇತ್ತು. ಇಂಜಿನಿಯರ್ ನೋಡಿದರು. ಮುತ್ಲಾ ದಾಟಿದ ಮೇಲೆ, "ಕೈ ಉಳೀತಲ್ಲ ಅಣ್ಣಾ, ಅಷ್ಟೇ ಬೇಕಾಗಿದ್ದು" ಎಂದರು. ನನಗೆ ಸಮಾಧಾನ ಹೇಳಲೆಂದೋ, ತನಗೇ ಹೇಳಿಕೊಂಡರೋ ಗೊತ್ತಿಲ್ಲ.

ಸಂಜೆ ಮಗನ ಮೆಸೇಜ್ ಬಂತು: "ಬೆಳಿಗ್ಗೆ ಏನೋ ಕಳಿಸಿ ಅಳಿಸಿದ್ದೀಯಲ್ಲ, ಏನದು?" ಉತ್ತರವನ್ನು ಮೂರು ಸಲ ಬರೆದು ಅಳಿಸಿ, ಕೊನೆಗೆ ಚೋಕ್ ವಿಷಯ ಎಂದು ಬರೆದೆ. ಅವನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ. ಆ ರಾತ್ರಿಯಿಂದ ಸುಮಾರು ತಿಂಗಳು, ಮೊಬೈಲು ಸದ್ದು ಮಾಡಿದಾಗಲೆಲ್ಲ ಅವನದೇ ಇರಬೇಕೆಂದು ಮೊದಲು ಹೆಸರು ನೋಡುತ್ತಿದ್ದೆ.

ಬಾಬಾ ಆ ಬೇಸಿಗೆಯಲ್ಲೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ತನ್ನ ತಪ್ಪಿಗೆ ಅಷ್ಟು ಹೆದರಿದ್ದರು. ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ, ಪೇಪರು ಓದುತ್ತಾರೆ, ನನ್ನ ತಲೆಯ ಬಿಳಿಕೂದಲು ಎಣಿಸಿ ತಮಾಷೆ ಮಾಡುತ್ತಾರೆ. ಆದರೆ ಬೀಗದ ಕೈ ತಿರುಗಿ ಬರಲಿಲ್ಲ. "ಕಣ್ಣು ಬಂದಿರಬಹುದು ಬಾಬಾ, ನನ್ನ ಧೈರ್ಯ ಹೋಗಿದೆ" ಎಂದ ಮಗ. ಈಗ ತೋಟೆ ಎಣಿಸುವುದು ಅವನೇ. ಬಾಬಾ ದಿನಾ ಬಂದು ನನ್ನ ಮೇಜಿನ ಎದುರು ಕೂರುತ್ತಾರೆ. ಗಿರಾಕಿಯ ಕೋವಿ ಒರೆಸಿ ಮುಗಿಸಿದರೆ, ಒಮ್ಮೆ ಕೊಡು ಎಂದು ಕೇಳಿ ತೆಗೆದುಕೊಂಡು, ಭುಜಕ್ಕಿಟ್ಟು ಗೋಡೆಯ ಕಡೆ ನೋಡಿ, ತಿರುಗಿ ಕೊಡುತ್ತಾರೆ. ಬಲ ಭುಜಕ್ಕೇ ಇಡುತ್ತಾರೆ ಈಗ.

ಅವರು ಭುಜಕ್ಕಿಟ್ಟಾಗೆಲ್ಲ ನನಗೆ ಹೇಳಬೇಕು ಅನ್ನಿಸುತ್ತದೆ. ಬಾಯಿ ತೆರೆಯುತ್ತೇನೆ. ಆಮೇಲೆ ಬಟ್ಟೆ ತೆಗೆದುಕೊಂಡು ಇನ್ನೊಂದು ನಳಿಗೆ ಉಜ್ಜುತ್ತೇನೆ. ಮಗಳ ನರ್ಸಿಂಗ್ ಮುಗಿಯಿತು, ಕೆಲಸವೂ ಸಿಕ್ಕಿತು. ನೆಪ ಮುಗಿದರೂ ಹೆದರಿಕೆ ಮುಗಿಯಲಿಲ್ಲ. ಮೊದಲು ಇಕಾಮಾ ಹೋಗುತ್ತದೆಂದು ಹೆದರಿದ್ದೆ. ಈಗ ಆ ಹಣೆಯ ಮುತ್ತು ಹೋಗುತ್ತದೆಂದು ಹೆದರುತ್ತೇನೆ. ಕೊಸರು ಹಾಕುವುದನ್ನಂತೂ ಬಿಟ್ಟೆ. ಎಣ್ಣೆ ಬಾಟಲಿಗೆ ಬಟ್ಟೆ ಚೂರನ್ನೂ ಹಾಕುವುದಿಲ್ಲ. ಹಳೆಯ ಗಿರಾಕಿಗಳು ಜಿಪುಣನಾದೆ ಎನ್ನುತ್ತಾರೆ.

ಟರ್ಕಿ ಕೋಳಿಗಳು ಇನ್ನೂ ಅಬ್ದಲಿಯ ಅಥಲ್ ಮರಗಳಲ್ಲೇ ಇವೆ. ಮರಿ ಮಾಡಿ ಹೆಚ್ಚಾಗಿವೆಯಂತೆ. ಅವುಗಳ ಮೇಲೆ ಮತ್ತೆ ಯಾರೂ ಕೋವಿ ಎತ್ತಲಿಲ್ಲ. ಚಳಿಗಾಲ ಬಂದಾಗ ಬಾಬಾ ಕೇಳುತ್ತಾರೆ, "ಅಗಲ ಬಾಯಿಯದೇ ಸರಿ ಅಲ್ಲವಾ? ಕಾಲಿಗೆ ಗುರಿ?"

"ಅದೇ ಸರಿ ಬಾಬಾ."

"ಕಣ್ಣೊಂದು ಆಗ ಸರಿ ಇದ್ದಿದ್ದರೆ."

ಕಳೆದ ತಿಂಗಳು ನನ್ನ ಇಕಾಮಾದ ಕಾಗದ ಬಂತು. ಬಾಬಾ ಕನ್ನಡಕ ಹಾಕಿಕೊಂಡು, ಅಕ್ಷರ ಅಕ್ಷರ ಓದಿ, ಬಲಗೈಯಿಂದ ನಿಧಾನವಾಗಿ ಸಹಿ ಹಾಕಿದರು. ಅಂಗಡಿಯಲ್ಲಿ ಒಬ್ಬ ಹೊಸ ಗಿರಾಕಿ ಇದ್ದ. ಅವನಿಗೆ ಪೆನ್ನು ಹಿಡಿದ ಕೈಯನ್ನು ಎತ್ತಿ ತೋರಿಸಿ, "ಈ ಕೈ ಇದೆಯಲ್ಲ, ಇದು ಇವನು ಕೊಟ್ಟದ್ದು" ಎಂದರು. ಗಿರಾಕಿ ನನ್ನನ್ನು ನೋಡಿ ಮಾಶಾ ಅಲ್ಲಾ ಎಂದ. ನಾನು ತಲೆ ತಗ್ಗಿಸಿ ಅಲ್ಹಮ್ದುಲಿಲ್ಲಾ ಎಂದೆ. ಕೆಲಸದವನ ವಿನಯ ಎಂದು ಇಬ್ಬರೂ ಮೆಚ್ಚಿಕೊಂಡರು.

ಇಂಜಿನಿಯರ್ ಈಗ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ರುಮೈಥಿಯಾಕ್ಕೆ ಹೋಗಿದ್ದಾರೆ. ಹಬ್ಬಕ್ಕೆ ಫೋನ್ ಮಾಡುತ್ತಾರೆ. ಮೊದಲೆಲ್ಲ ಕೊನೆಗೆ ಒಂದು ಮಾತು ಕೇಳುತ್ತಿದ್ದರು, "ಹೇಳಿದ್ರಾ ಅಣ್ಣಾ?" ಈಗ ಕೇಳುವುದಿಲ್ಲ.

ಇಷ್ಟನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಆ ಮನೆಯಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಅದೊಂದೇ ಧೈರ್ಯದ ಮೇಲೆ ಬರೆದಿದ್ದೇನೆ.